ಒಂದೇ ತಂತಿಯ ಎಂಡೋಸ್ಕೋಪು

ತಿರುಗಬೇಕಾದದ್ದು ತಿರುಗದೆ ನಿಂತರೆ ನನಗೆ ಮೊದಲಿನಿಂದಲೂ ಸಿಟ್ಟು ಬರುತ್ತದೆ. ನಲ್ಲಿಯಾಗಲಿ, ಬೀಗವಾಗಲಿ, ಸರ್ಕಾರಿ ಗುಮಾಸ್ತನ ತಲೆಯಾಗಲಿ. "ಇವಳ್ಗೆ ಮೂಗಿನ ತುದೀಲೇ ಕ್ವಾಪ" ಎಂದು ನಮ್ಮವ್ವ ಬೀದಿಗೆಲ್ಲ ಸಾರಿದ್ದಳು. ಸಾರಿಕೊಳ್ಳಲಿ. ಆ ಸಿಟ್ಟಿನಲ್ಲೇ ನಾನು ನನ್ನ ಜೀವಮಾನದ ಒಳ್ಳೆಯ ಕೆಲಸವೊಂದನ್ನು ಮಾಡಿದ್ದು. ಅದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಈಗ ಬರೆದೂ ಬಿಡುತ್ತೇನೆ.

ತೊಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಅಲ್ಲೇ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವರೊಬ್ಬರ ಹತ್ತಿರ ಕೆಲವು ವರ್ಷ ಕೈ ಮಸಿ ಮಾಡಿಕೊಂಡು, ಪಾಂಡವಪುರದ ಪೇಟೆಯಲ್ಲಿ ಒಂದು ರೂಮು ಹಿಡಿದು ಸ್ವಂತ ಬೋರ್ಡು ಹಾಕಿದ್ದೆ. ಬಿ.ಪಿ. ನೋಡುವ ಯಂತ್ರ, ಸ್ಟೆರಿಲೈಸರು, ಕಫ ಎಳೆಯುವ ಸಕ್ಷನ್ ಮೆಷಿನ್ನು ಇಂಥವು ನನ್ನ ಪಾಲಿಗೆ ಬರುತ್ತಿದ್ದವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲಿ ಏನು ಕೆಟ್ಟರೂ ಮೊಪೆಡ್ ಏರಿ ಹೋಗುತ್ತಿದ್ದೆ. ಮನೆ ಮಾತ್ರ ನಾಗಮಂಗಲದಲ್ಲಿ. ಅಲ್ಲಿ ಅಪ್ಪನದು ಚಿನ್ನ ಬೆಳ್ಳಿ ಕೆಲಸದ ಪುಟ್ಟ ಅಂಗಡಿ. ರಿಪೇರಿಗೆ ಹೆಣ್ಣುಮಗಳು ಬಂದದ್ದು ನೋಡಿ ಬೆರಗಾದವರು, ನಾನು ಆಚಾರ್ರ ಮಗಳೆಂದು ಗೊತ್ತಾದ ಕೂಡಲೇ "ಅಂಗನ್ನಿ ಮತ್ತೆ" ಎಂದು ಸುಮ್ಮನಾಗುತ್ತಿದ್ದರು.

ಪಾಂಡವಪುರದಲ್ಲಿ ಒಬ್ಬ ಡಾಕ್ಟರು ಸಣ್ಣದೊಂದು ನರ್ಸಿಂಗ್ ಹೋಮು ನಡೆಸುತ್ತಿದ್ದರು. ರೈತರ ಮನೆಯವರೇ, ಓದಿ ಬಂದು ಊರಲ್ಲೇ ನಿಂತವರು. ಅವರು ಬೆಂಗಳೂರಿನಿಂದ ಹಳೆಯ ಎಂಡೋಸ್ಕೋಪು ಒಂದನ್ನು ತರಿಸಿಕೊಂಡಿದ್ದರು. ಬಾಯಿಯಿಂದ ಇಳಿಸಿ ಹೊಟ್ಟೆಯೊಳಗನ್ನು ಕಣ್ಣಾರೆ ನೋಡುವ ಉದ್ದನೆಯ ಕಪ್ಪು ಕೊಳವೆ. ತುದಿಯಲ್ಲಿ ಬೆಳಕು, ಮೇಲೆ ಹಿಡಿಕೆ, ಹಿಡಿಕೆಯ ಮೇಲೆ ಒಂದು ಕಣ್ಣು ಇಟ್ಟು ನೋಡುವ ಗಾಜು. ಆಗ ಪರದೆ ಗಿರದೆ ಏನೂ ಇರಲಿಲ್ಲ. ಆ ಕೊಳವೆ ಬಂದ ಹೊಸದರಲ್ಲೇ ಅದರ ತುದಿ ತಿರುಗುವುದನ್ನು ನಿಲ್ಲಿಸಿತು. ತುದಿ ತಿರುಗದ ಎಂಡೋಸ್ಕೋಪು ಎಂದರೆ ಕತ್ತು ಹಿಡಿದುಕೊಂಡ ಮನುಷ್ಯನ ಹಾಗೆ, ಎದುರಿಗಿರುವುದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಡಾಕ್ಟರು ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ರೋಗಿಗಳನ್ನು ಮತ್ತೆ ಮೈಸೂರಿಗೆ ಕಳಿಸತೊಡಗಿದ್ದರು.

ಅಷ್ಟರಲ್ಲಿ ಅಪ್ಪನ ಹೊಟ್ಟೆನೋವು ಶುರುವಾಯಿತು. ಶುರುವಾಯಿತು ಎನ್ನುವುದೂ ತಪ್ಪೇ. ನೋವು ಯಾವಾಗಲೋ ಇತ್ತು, ಅವನು ಬಾಯಿ ಬಿಟ್ಟದ್ದು ಆಗ. ಊಟ ಇಳಿಯುತ್ತಿರಲಿಲ್ಲ, ಮಲ ಕಪ್ಪಗೆ ಹೋಗುತ್ತಿತ್ತು. ಕುಲುಮೆಯ ಮುಂದೆ ಕೂತವನು ನಡುನಡುವೆ ಹೊಟ್ಟೆ ಒತ್ತಿಕೊಂಡು ಬಾಗುತ್ತಿದ್ದ. ನಾನು ಬಲವಂತವಾಗಿ ಪಾಂಡವಪುರಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ.

"ಆಚಾರ್ರೇ, ಕಪ್ಪಗೆ ಹೋಗ್ತಿದೆ ಅಂದ್ರೆ ಒಳಗೆಲ್ಲೋ ರಕ್ತ ಜಿನುಗ್ತಾ ಇದೆ" ಎಂದರು ಡಾಕ್ಟರು. "ಹುಣ್ಣೋ, ಅದಕ್ಕಿಂತ ಕೆಟ್ಟದ್ದೋ, ಒಳಗೆ ನೋಡ್ದೆ ಹೇಳಕ್ಕಾಗಲ್ಲ. ನನ್ನ ಸ್ಕೋಪು ಕೆಟ್ಟಿದೆ. ಮೈಸೂರಿಗೆ ಹೋಗಿ ಬನ್ನಿ. ತಡ ಮಾಡ್ಬೇಡಿ."

"ಮೈಸೂರ್ಗೆ ನಾ ಓಗಾಕಿಲ್ಲ" ಎಂದ ಅಪ್ಪ. "ಗುರ್ತಿಲ್ದೋರ ಕೈಲಿ ಬಾಯೊಳೀಕೆ ಪೈಪು ಆಕುಸ್ಕಳಾಕಿಲ್ಲ."

ನಾನು ಬೈದೆ, ಅವ್ವ ಅತ್ತಳು, ಡಾಕ್ಟರು ತಿಳಿಯ ಹೇಳಿದರು. ಅಪ್ಪ ಜಗ್ಗಲಿಲ್ಲ. ಕೊನೆಗೆ ನನ್ನ ಬಾಯಿ ಮುಚ್ಚಿಸಲಿಕ್ಕೆ ಒಂದು ಮಾತು ಹೇಳಿದ:

"ಡಾಕ್ಟ್ರ ತಾವ ಒಂದು ಪೈಪು ಕೆಟ್ಟು ಬಿದ್ದದಲ್ಲ, ಅದ ನೀನು ಸರಿ ಮಾಡು. ನೀನು ಮಾಡಿದ್ನ ನಾನು ನುಂಗ್ತೀನಿ."

ಅದು ಆಗದ ಹೋಗದ ಕೆಲಸ ಎಂದುಕೊಂಡೇ ಹೇಳಿದ್ದು. ಅವನಿಗೆ ತನ್ನ ಮಗಳ ವಿಷಯ ಅಷ್ಟು ಗೊತ್ತಿರಲಿಲ್ಲ. ನಾನು ಆ ದಿನವೇ ಡಾಕ್ಟರಿಂದ ಪೆಟ್ಟಿಗೆ ಎತ್ತಿಕೊಂಡು ಬಂದೆ.

ಕೊಳವೆಯ ಹೊದಿಕೆ ಬಿಚ್ಚಿ ನೋಡಿದಾಗ ಅದನ್ನು ಮಾಡಿದವರ ಮೇಲೆ ಗೌರವವೂ ಬಂತು, ಕೋಪವೂ ಬಂತು. ತುದಿಯ ಗೇಣುದ್ದದೊಳಗೆ ಪುಟ್ಟ ಪುಟ್ಟ ಉಂಗುರಗಳ ಸಾಲು. ಒಂದು ಉಂಗುರಕ್ಕೂ ಇನ್ನೊಂದಕ್ಕೂ ನಡುವೆ ಕೀಲು. ಒಂದು ಕೀಲು ಮೇಲೆ ಕೆಳಗೆ ಬಾಗಿದರೆ ಅದರ ಮುಂದಿನದು ಎಡಕ್ಕೆ ಬಲಕ್ಕೆ ಬಾಗುತ್ತದೆ. ಇವನ್ನು ಎಳೆಯಲು ನಾಲ್ಕು ಉಕ್ಕಿನ ತಂತಿಗಳು, ಕೂದಲಿಗಿಂತ ಸ್ವಲ್ಪ ದಪ್ಪ. ನಾಲ್ಕರ ತುದಿಯನ್ನೂ ಎಲ್ಲಕ್ಕಿಂತ ಮುಂದಿನ ಉಂಗುರಕ್ಕೆ ಬೆಸುಗೆ ಹಾಕಿದ್ದರು. ಹಿಡಿಕೆಯ ಒಳಗೆ ಎರಡು ಗಾಲಿ, ಗಾಲಿಯ ಮೇಲೆ ಸೈಕಲ್ಲಿನದರ ಹಾಗೆ ಎರಡು ಚೈನು, ಚೈನಿನ ತುದಿಗೆ ತಂತಿ, ತಂತಿ ಅತಿಯಾಗಿ ಎಳೆಯದಂತೆ ತಡೆಯಲು ಮತ್ತೇನೇನೋ ಉಬ್ಬಿದ ಗುಬಟು. ಮೇಲುಕೆಳಗಿಗೆ ಒಂದು ಗುಂಡಿ, ಎಡಬಲಕ್ಕೆ ಒಂದು ಗುಂಡಿ. ತುಕ್ಕು ಹಿಡಿದು ಎರಡು ತಂತಿ ತುಂಡಾಗಿದ್ದವು, ಮಿಕ್ಕೆರಡು ಇಂದೋ ನಾಳೆಯೋ ಎನ್ನುವಂತಿದ್ದವು. ಕಂಪನಿಯವರಿಗೆ ಫೋನು ಮಾಡಿದರೆ ಆ ಮಾಡೆಲ್ಲು ನಿಂತುಹೋಗಿದೆ, ಬಿಡಿಭಾಗ ಸಿಗುವುದಿಲ್ಲ ಎಂದರು.

ಬೆಂಗಳೂರಿನಿಂದ ಅಂಥದೇ ಸಣ್ಣ ಉಕ್ಕಿನ ತಂತಿ ತರಿಸಿದೆ. ಅಷ್ಟು ಸಣ್ಣ ಬೆಸುಗೆ ನನ್ನ ಕೈಲಾಗುವಂಥದ್ದಲ್ಲ. ಮೂಗುತಿಯ ಹರಳಿನ ಸುತ್ತ ಬೆಂಕಿಯನ್ನು ಸೂಜಿಮೊನೆಯಷ್ಟೇ ಊದುವ ಮನುಷ್ಯ ಮನೆಯಲ್ಲೇ ಇರುವಾಗ ನನಗೇಕೆ ಚಿಂತೆ ಎಂದು ಅಪ್ಪನ ಮುಂದೆ ಇಟ್ಟೆ. ನುಂಗಲಾರೆನೆಂದು ಹಟ ಹಿಡಿದಿದ್ದವನು ಅದನ್ನು ಕೈಗೆತ್ತಿಕೊಂಡ ಕೂಡಲೇ ಹೊಟ್ಟೆನೋವನ್ನೂ ಮರೆತ. "ಇದ್ಯಾವನಪ್ಪಾ ಇಂಗೆ ಕೂರ್ಸವ್ನೆ" ಎಂದು ಉಂಗುರಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಸುಗೆ ಹಾಕಿಕೊಟ್ಟ. ನಾಲ್ಕು ಬೆಸುಗೆ, ನಾಲ್ಕೂ ಸಾಸಿವೆ ಕಾಳಿನಷ್ಟು, ಒಂದಕ್ಕಿಂತ ಒಂದು ಚೆಂದ.

ಪರೀಕ್ಷೆಗೆ ಒಂದು ಹೊಟ್ಟೆ ಬೇಕಿತ್ತು. ಕುರಿಯ ಜಠರದಲ್ಲಿ ನಾಲ್ಕು ಚೀಲ, ಕೊನೆಯದು ನಮ್ಮ ಹೊಟ್ಟೆಗೆ ಹತ್ತಿರ ಎಂದು ಡಾಕ್ಟರು ಹೇಳಿದರು. ನಾವೋ ಜನಿವಾರದ ಆಚಾರಿಗಳು, ಮೊಟ್ಟೆಯನ್ನೂ ಮನೆಯೊಳಗೆ ಬಿಡದವರು. ಪಾಂಡವಪುರದ ಮಟನ್ ಅಂಗಡಿಯ ಸಾಬರ ಮುಂದೆ ಹೋಗಿ ನಿಂತೆ.

"ಕ್ಯಾ ಅಮ್ಮಾ, ಆಚಾರ್ರ ಮನೇಗೆ ಬೋಟಿ?" ಎಂದು ಅವರು ಕತ್ತಿ ಕೆಳಗಿಟ್ಟರು.

"ತಿನ್ನಾಕಲ್ಲ ಸಾಬ್ರೇ, ನೋಡಾಕೆ."

"ನೋಡಾಕೆ ಬೋಟಿ ಒಯ್ಯೋರ್ನ ನಾನು ನೋಡೇ ಇಲ್ಲ" ಎಂದು ನಗುತ್ತಲೇ ಬಿಂಡಿಗನವಿಲೆ ಕಡೆಯ ಕುರಿಯದು, ಬಹುತ್ ಸಾಫ್ ಎಂದು ಹೊಗಳಿ, ತೊಳೆದು ಕಟ್ಟಿಕೊಟ್ಟರು. ಸಂಜೆಯ ಹೊತ್ತಿಗೆ ಆಚಾರ್ರ ಮಗಳು ಬೋಟಿ ಒಯ್ದಳು ಎಂಬ ಸುದ್ದಿ ನನಗಿಂತ ಮುಂಚೆ ನಾಗಮಂಗಲ ಮುಟ್ಟಿತ್ತು. ಅವ್ವ ನನ್ನನ್ನು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬಿಡಲಿಲ್ಲ.

ಅದಕ್ಕೂ ಮುಂಚೆ, ಮಧ್ಯಾಹ್ನವೇ, ನನ್ನ ರೂಮಿನಲ್ಲಿ ಬೇಸಿನ್ನಿನಲ್ಲಿಟ್ಟ ಆ ಚೀಲದೊಳಕ್ಕೆ ಕೊಳವೆ ಇಳಿಸಿ ಡಾಕ್ಟರು ಗುಂಡಿ ತಿರುಗಿಸಿದರು. ತುದಿ ಬಾಗಿತು. ನನ್ನ ಎದೆ ಉಬ್ಬಿತು. ಮತ್ತೆ ತಿರುಗಿಸಿದರು, ಬಾಗಿತು, ಆದರೆ ಮೊದಲಿನಷ್ಟಲ್ಲ. ಹೀಗೇ ಸಡಿಲಾಗುತ್ತಾ ಆಗುತ್ತಾ ತಂತಿ ಟಕ್ ಎಂದು ತುಂಡಾಯಿತು. ಗುಂಡಿ ಅವರ ಕೈಯಲ್ಲಿ ಸುಮ್ಮನೆ ಸುತ್ತತೊಡಗಿತು. ಬಿಚ್ಚಿ ನೋಡಿದರೆ ಅಪ್ಪನ ಬೆಸುಗೆ ಕಲ್ಲಿನಂತೆ ಹಾಗೇ ಇತ್ತು. ಅದರ ಪಕ್ಕದಲ್ಲಿ ತಂತಿ ಎಳೆದ ಬೆಲ್ಲದ ಪಾಕದ ಹಾಗೆ ಸಣ್ಣಗಾಗಿ ಹರಿದಿತ್ತು.

ಏನಾಗಿದೆಯೆಂದು ನನಗೆ ತಕ್ಷಣ ತಿಳಿಯಿತು. ಚಿನ್ನ ಬೆಳ್ಳಿ ಕೆಲಸದವನ ಕೈಗೆ ತಂತಿ ಬಂದರೆ ಅವನು ಮಾಡುವ ಮೊದಲ ಕೆಲಸ ಅದನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುವುದು. ಕಾಯಿಸದಿದ್ದರೆ ಬಾಗಿಸುವಾಗ ಬಿರಿಯುತ್ತದೆ. ತಲೆತಲಾಂತರದಿಂದ ಕೈಯೇ ಮಾಡುವ ಕೆಲಸ ಅದು, ತಲೆಯನ್ನು ಕೇಳಿ ಮಾಡುವುದಲ್ಲ. ಆದರೆ ಈ ಉಕ್ಕಿನ ತಂತಿಯ ಕಸುವೆಲ್ಲ ತಣ್ಣಗಿರುವಾಗ ಎಳೆದೆಳೆದು ಗಟ್ಟಿ ಮಾಡಿದ್ದರಲ್ಲಿದೆ. ಒಮ್ಮೆ ಕೆಂಪಗಾಯಿತೋ, ಅದರ ಕತೆ ಮುಗಿಯಿತು. ಪಕ್ಕದ ಬೀದಿಯ ಕಮ್ಮಾರನ ಹತ್ತಿರ ಕೊಟ್ಟಿದ್ದರೂ ಈ ತಪ್ಪಾಗುತ್ತಿರಲಿಲ್ಲ. ಅವನು ಇಷ್ಟು ಸಣ್ಣ ಬೆಸುಗೆ ಹಾಕುತ್ತಿರಲಿಲ್ಲ, ಅದು ಬೇರೆ ಮಾತು.

ಸಂಜೆ ಮನೆಗೆ ಹೋಗಿ, ತಲೆಗೆ ನೀರು ಹಾಕಿಕೊಂಡವಳೇ, ತುಂಡಾದ ತಂತಿಯನ್ನು ಅಪ್ಪನ ಮುಂದೆ ಎಸೆದೆ.

"ಕಾಯಿಸ್ಬುಟ್ಯಾ ಇದ್ನ?"

"ಕಾಯಿಸ್ದೆ ಮಾಡಿದ್ ಕೆಲ್ಸ ಕೆಲ್ಸವೇ ಅಲ್ಲ ಕಣಮ್ಮಿ" ಎಂದ ಅಪ್ಪ. "ನನ್ ಬೆಸ್ಗೆ ಬುಟ್ಕಂಡದಾ ಯೋಳು?"

"ಬೆಸ್ಗೆ ಬುಟ್ಟಿಲ್ಲ. ತಂತೀನೇ ಸತ್ತೋಗದೆ. ಇದೇ ನಿನ್ ಒಟ್ಟೆಯೊಳ್ಗೆ ಕಿತ್ಕಂಡಿದ್ರೆ?"

ಅಪ್ಪ ಮುಖ ತಿರುಗಿಸಿಕೊಂಡ. ಊಟಕ್ಕೂ ಏಳಲಿಲ್ಲ. ಹೊಟ್ಟೆನೋವಿಗೋ ಮುನಿಸಿಗೋ ಗೊತ್ತಾಗಲಿಲ್ಲ, ಅವ್ವ ಮಾಡಿದ ಗಂಜಿ ಹಾಗೇ ಆರಿತು. ಅವನ ಮುಖ ಆಗಲೇ ಬಿಳಿಚಿಕೊಂಡಿತ್ತು. ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ಹಟಮಾರಿಯನ್ನು ಮೈಸೂರಿಗೆ ಹೊತ್ತುಕೊಂಡು ಹೋಗಲು ಬರುವುದಿಲ್ಲ, ನನ್ನ ಕೊಳವೆಯೋ ತಿರುಗುತ್ತಿಲ್ಲ.

ಮಾರನೆಯ ದಿನ ಕೆ.ಆರ್. ಪೇಟೆಯಲ್ಲಿ ಒಂದು ಸ್ಟೆರಿಲೈಸರು ಸರಿ ಮಾಡಿ ಹಿಂತಿರುಗುವಾಗ ದಾರಿಯುದ್ದಕ್ಕೂ ಅದನ್ನೇ ಜಗಿಯುತ್ತಾ ಬಂದೆ. ಬೆಸುಗೆಗೆ ಬೆಂಕಿ ಬೇಕು, ಬೆಂಕಿ ಬಿದ್ದರೆ ತಂತಿ ಸಾಯುತ್ತದೆ, ತಂತಿ ಕೆಂಪಗಾಗದಂತೆ ಬೆಸುಗೆ ಹಾಕುವ ಕಂಪನಿಯ ಸಲಕರಣೆ ನಮ್ಮಲ್ಲಿಲ್ಲ. ಹಾಗಾದರೆ ಬೆಸುಗೆಯೇ ಬೇಡ. ಬೆಸುಗೆ ಯಾಕೆ ಬೇಕಾಯಿತು? ತಂತಿಗೆ ಅಲ್ಲಿ ತುದಿ ಇದೆ, ಅದಕ್ಕೆ. ತುದಿಯೇ ಇಲ್ಲದಿದ್ದರೆ? ಮೇಲಕ್ಕೊಂದು ಕೆಳಕ್ಕೊಂದು ಎರಡು ತಂತಿ ಯಾಕೆ? ಬಾವಿಯ ರಾಟೆಗೆ ಹಗ್ಗ ಒಂದೇ ಅಲ್ಲವೆ? ಒಂದೇ ಉದ್ದನೆಯ ತಂತಿ, ನಡುವಿಗೆ ಮಡಚಿ, ಮಡಿಕೆಯನ್ನು ತುದಿಯ ಉಂಗುರದ ಎರಡು ತೂತುಗಳಲ್ಲಿ ಪೋಣಿಸಿ, ಜಾರದಂತೆ ಸಣ್ಣ ಕೊಳವೆಮಣಿ ಹಾಕಿ ಇಕ್ಕಳದಲ್ಲಿ ಅದುಮಿಬಿಟ್ಟರೆ ಆಯಿತು. ಬೆಂಕಿಯ ಮಾತೇ ಇಲ್ಲ. ಎರಡು ಕೊನೆಗಳೂ ಹಿಡಿಕೆಗೆ ಬರುತ್ತವೆ. ಅಲ್ಲಿ ಚೈನೂ ಬೇಡ, ಗುಬಟೂ ಬೇಡ, ತೋಡು ಇರುವ ಒಂದು ಗಾಲಿ ಸಾಕು. ನನ್ನ ಮೊಪೆಡ್ಡಿನ ಬ್ರೇಕ್ ವೈರನ್ನು ಹಿಡಿದಿರುವುದು ಒಂದು ತಿರುಪು ಮೊಳೆ, ಸಡಿಲವಾದರೆ ರಸ್ತೆ ಪಕ್ಕ ನಿಲ್ಲಿಸಿ ನಾನೇ ಬಿಗಿ ಮಾಡಿಕೊಳ್ಳುತ್ತೇನೆ. ಅದೇ ಇಲ್ಲಿಗೂ ಆಗುತ್ತದೆ, ತಂತಿ ಸಡಿಲಾದಾಗ ಇಡೀ ಕೊಳವೆ ಬಿಚ್ಚುವ ಗೋಳಿರುವುದಿಲ್ಲ.

ಒಂದು ಸಲ ಕಡಿಮೆ ಮಾಡುವ ರುಚಿ ಹತ್ತಿದರೆ ಕೈ ನಿಲ್ಲುವುದಿಲ್ಲ. ಎಡಬಲ ತಾನೇ ಯಾಕೆ ಬೇಕು? ಮೇಲೆ ಬಾಗಿಸಿ, ಇಡೀ ಕೊಳವೆಯನ್ನು ಕೈಯಿಂದ ಹೊರಳಿಸಿದರೆ ಮೇಲಿನದೇ ಎಡವಾಗುತ್ತದೆ, ಬಲವಾಗುತ್ತದೆ. ಆಗ ಎಲ್ಲ ಕೀಲುಗಳೂ ಒಂದೇ ಸಾಲಿನಲ್ಲಿದ್ದರೆ ಸಾಕು. ನಾಲ್ಕು ತಂತಿಯ ಜಾಗದಲ್ಲಿ ಒಂದು, ಎರಡು ಗುಂಡಿಯ ಜಾಗದಲ್ಲಿ ಒಂದು. ಮನೆ ಮುಟ್ಟುವ ಹೊತ್ತಿಗೆ ನನಗೆ ಕೇಕೆ ಹಾಕುವಷ್ಟು ಖುಷಿಯಾಗಿತ್ತು.

ಅಪ್ಪ ಇನ್ನೂ ಮುಖ ತಿರುಗಿಸಿಕೊಂಡೇ ಇದ್ದ. ನಾನು ಅವನ ಎದುರಿಗೆ ಕೂತು ನೆಲದ ಮೇಲೆ ಬಳಪದಲ್ಲಿ ಬರೆದು ತೋರಿಸಿದೆ. ಮೊದಲು ಓರೆಗಣ್ಣಲ್ಲಿ ನೋಡಿದ, ಆಮೇಲೆ ಬಾಗಿ ನೋಡಿದ.

"ಉಂಗ್ರ ಎಲ್ಲ ಒಸ್ದಾಗಿ ಮಾಡ್ಬೇಕಾಯ್ತದೆ" ಎಂದ. "ಸೊಂಟದ ಡಾಬಿನ ಕೀಲ್ನಂಗೆ."

"ಬೆಂಕಿ ಮುಟ್ಟಂಗಿಲ್ಲ."

"ಮುಟ್ಟಾಕಿಲ್ಲ ಬುಡು" ಎಂದು ಊದುಗೊಳವೆಯನ್ನು ಎತ್ತಿ ಗೂಡಿನಲ್ಲಿಟ್ಟ.

ಜರ್ಮನ್ ಸಿಲ್ವರಿನ ಕೊಳವೆ ಕೊಯ್ದು, ಅರದಿಂದ ಉಜ್ಜಿ, ಉಂಗುರದ ಮೇಲೆ ಉಂಗುರ ಕೂಡಿಸಿ ಕೀಲು ಹೊಡೆದ. ಎಲ್ಲವೂ ತಣ್ಣಗೆ. ನಡುವೆ ನೋವು ಬಂದರೆ ಗೋಡೆಗೆ ಒರಗುವುದು, ತಣಿದ ಮೇಲೆ ಮತ್ತೆ ಬಾಗುವುದು. ಮಲಗು ಎಂದರೆ "ನುಂಗೋನು ನಾನು ತಾನೆ, ನಂಗೇ ಅವಸ್ರ" ಎಂದ. ಎರಡನೆಯ ಗುಂಡಿ ತೆಗೆದ ಜಾಗದಲ್ಲಿ ತೂತು ಉಳಿದಿತ್ತಲ್ಲ, ಅದಕ್ಕೊಂದು ಮುಚ್ಚಳ ಮಾಡು ಎಂದೆ. ಮುಚ್ಚಳ ಮಾಡಿ ಅದರ ಮೇಲೆ ಎಂಟು ಎಸಳಿನ ಹೂವು ಕೆತ್ತಿಕೊಟ್ಟ. ಯಾಕಪ್ಪಾ ಎಂದರೆ, ಬೋಳು ಬಿಡಲು ಮನಸ್ಸಾಗಲಿಲ್ಲವಂತೆ.

ಎಲ್ಲ ಜೋಡಿಸಿ, ಬಾಗುವ ಭಾಗಕ್ಕೆ ಹೊಸ ರಬ್ಬರು ತೊಡಿಸಿ, ಪಂಕ್ಚರ್ ಅಂಗಡಿಯವರ ಹಾಗೆ ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿದೆ. ಬರಲಿಲ್ಲ. ದಿನವಿಡೀ ಕೂತು ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿದೆ, ಹೆಬ್ಬೆರಳು ಬೊಬ್ಬೆ ಬರುವವರೆಗೂ. ತಂತಿ ಸೋಲಲಿಲ್ಲ.

ಡಾಕ್ಟರು ಹಿಡಿಕೆಯನ್ನು ನೋಡಿ ಹುಬ್ಬೇರಿಸಿದರು. ಪಕ್ಕದಲ್ಲಿ ಟಿಫನ್ ಬಾಕ್ಸಿನ ಮುಚ್ಚಳದ ತುಂಬ ಚೈನು, ಗಾಲಿ, ಮೊಳೆಗಳು ಮಿಕ್ಕಿದ್ದವು.

"ಏನಮ್ಮಾ ಇದು? ಅಕ್ಕಸಾಲಿಗರು ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನೀವು ಅಪ್ಪ ಮಗಳು ಸೇರ್ಕೊಂಡು ನನ್ನ ಸ್ಕೋಪಿನಲ್ಲಿ ಅರ್ಧ ಎತ್ತಿಟ್ಕೊಂಡಿದ್ದೀರಲ್ಲ."

"ಬೇಕಾದ ಅರ್ಧ ಅಲ್ಲೇ ಇದೆ ಸಾರ್."

"ಎಡ ಬಲ ಹೆಂಗೆ ನೋಡ್ಲಿ?"

"ನಿಮಗೆ ಮಣಿಕಟ್ಟು ಇದೆಯಲ್ಲ ಸಾರ್" ಎಂದೆ. ಸ್ವಲ್ಪ ಜೋರಾಗಿಯೇ ಅಂದೆನೇನೋ. ಆದರೆ ಅವರು ಸಿಟ್ಟಾಗಲಿಲ್ಲ.

ಮತ್ತೆ ಸಾಬರ ಅಂಗಡಿ, ಮತ್ತೆ ಕುರಿಯ ಚೀಲ. ಈ ಸಲ ಅದರೊಳಗೆ ಅಲ್ಲಲ್ಲಿ ಕೆಂಪು ಮಣಿಗಳನ್ನು ಹೊಲಿದಿಟ್ಟೆ. ಒಂದನ್ನು ಬೇಕೆಂದೇ ಮೇಲುಗಡೆ, ಕೊಳವೆ ಒಳಗೆ ಬರುವ ಬಾಯಿಯ ಹಿಂದೆಯೇ ಇಟ್ಟೆ. ತುದಿ ಪೂರ್ತಿ ಹಿಂದಕ್ಕೆ ಬಾಗಿ ಬಂದ ದಾರಿಯನ್ನೇ ತಿರುಗಿ ನೋಡದ ಹೊರತು ಅದು ಕಾಣದು. ಹೊಟ್ಟೆಯಲ್ಲಿ ಕೆಟ್ಟದ್ದು ಬಚ್ಚಿಟ್ಟುಕೊಳ್ಳುವುದೂ ಅಂಥ ಜಾಗದಲ್ಲೇ ಎಂದು ಡಾಕ್ಟರೇ ಹೇಳಿದ್ದರು. ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿ, ಕೊಳವೆಯನ್ನು ಹೊರಳಿಸುತ್ತಾ ಒಂದೊಂದೇ ಮಣಿ ಹೇಳತೊಡಗಿದರು. ಮೊದಮೊದಲು ತಡವರಿಸಿದರು, ಆಮೇಲೆ ಕೈಗೆ ಹತ್ತಿತು. ಕೊನೆಯದು ಮಾತ್ರ ಸಿಗಲಿಲ್ಲ. ಅವರು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಹಿಡಿಕೆಯನ್ನು ಮೆಲ್ಲಗೆ ಹೊರಳಿಸಿದರು.

"ಇಲ್ಲಿ ಬಚ್ಚಿಟ್ಟಿದ್ದೀಯಾ ಕಳ್ಳಿ" ಎಂದರು.

ಮೊದಲು ಸ್ಕೋಪನ್ನು ಬೇರೆ ಯಾರ ಮೇಲಾದರೂ ನೋಡೋಣ ಎಂದು ಡಾಕ್ಟರಿಗಿತ್ತು. ಅಪ್ಪ ಒಪ್ಪಲಿಲ್ಲ. "ನಾನು ಮಾಡಿದ್ ಕೀಲು, ನನ್ ಮಗ್ಳು ಕಟ್ಟಿದ್ ತಂತಿ. ಬ್ಯಾರೇರ ಗಂಟ್ಲಿಗ್ಯಾಕೆ ಮೊದ್ಲು?" ಎಂದ. ವಾದ ಮಾಡುವಷ್ಟು ಸಮಯವೂ ಇರಲಿಲ್ಲ, ಅವನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಷ್ಟು ಸೋತಿದ್ದ.

ಡಾಕ್ಟರು ಸ್ಕೋಪನ್ನು ಕ್ರಿಮಿನಾಶಕದಲ್ಲಿ ಅದ್ದಿ ತೊಳೆದು, ಅಪ್ಪನಿಗೆ ಗಂಟಲು ಜೋಮು ಹಿಡಿಸುವ ಔಷಧಿ ಹಾಕಿ ಎಡಮಗ್ಗುಲಿಗೆ ಮಲಗಿಸಿದರು. ಅಪ್ಪ ಕಣ್ಣು ಮುಚ್ಚಿಕೊಂಡು, ನನ್ನ ಮುಂಗೈಯನ್ನು ಇಕ್ಕಳದ ಹಾಗೆ ಹಿಡಿದು, ಹೇಳಿದ ಮಾತಿನಂತೆ ಅದನ್ನು ನುಂಗಿದ. ಅವನು ಓಕರಿಸಿದಾಗ ಇನ್ನೊಂದು ಕೈಯಿಂದ ಅವನ ಬೆನ್ನು ನೀವಿದೆ. ಡಾಕ್ಟರು ನೋಡುತ್ತಾ ಹೋದರು. ಹೊರಳಿಸಿದರು, ಬಾಗಿಸಿದರು, ಹೊಟ್ಟೆ ಹಿಗ್ಗಲು ಗಾಳಿ ಊದಿದರು. ಆಮೇಲೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಹಾಗೇ ನಿಂತರು. ಆ ಒಂದು ತಂತಿಯ ಮೇಲೆ ನನ್ನ ಪ್ರಾಣ ತೂಗುತ್ತಿತ್ತು. ಅದು ಹರಿದರೆ ತುದಿ ಹೇಗೂ ನೇರವಾಗುತ್ತದೆ, ಕೊಳವೆ ಸುಮ್ಮನೆ ಈಚೆ ಬರುತ್ತದೆ ಎಂದು ನಾನೇ ಡಾಕ್ಟರನ್ನು ಒಪ್ಪಿಸಿದ್ದೆ. ಆದರೆ ಅಪ್ಪ ಎರಡನೆಯ ಸಲ ನುಂಗುವವನಲ್ಲ ಎಂದೂ ನನಗೆ ಗೊತ್ತಿತ್ತು.

"ಬಾಮ್ಮಾ, ನೋಡು" ಎಂದು ಡಾಕ್ಟರು ಹಿಡಿಕೆ ಅಲುಗಿಸದೆ ಪಕ್ಕಕ್ಕೆ ಸರಿದರು.

ಕಣ್ಣಿಟ್ಟೆ. ಒದ್ದೆಯಾದ ಕೆಂಪು ಗೋಡೆಗಳು. ಮೇಲಿನಿಂದ ಇಳಿದುಬಂದ ಒಂದು ಕಪ್ಪು ಕೊಳವೆ. ಅರೆಕ್ಷಣ ಗಾಬರಿಯಾಯಿತು, ಆಮೇಲೆ ಅರ್ಥವಾಯಿತು. ಅದು ನಮ್ಮದೇ. ತುದಿ ಪೂರ್ತಿ ತಿರುಗಿ ನಿಂತು ತನ್ನ ಮೈಯನ್ನೇ ನನಗೆ ತೋರಿಸುತ್ತಿತ್ತು. ಅಪ್ಪನ ಹೊಟ್ಟೆಯೊಳಗೆ, ಅಪ್ಪ ಹೊಡೆದ ಕೀಲುಗಳ ಮೇಲೆ, ನಾನು ಮಡಚಿದ ತಂತಿ. ಅಂಥ ಹೆಮ್ಮೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅದರ ಪಕ್ಕದಲ್ಲೇ, ಕೊಳವೆ ಹೊಟ್ಟೆಗೆ ಇಳಿಯುವ ಬಾಯಿಯ ಹಿಂದೆ, ಬಿಳಿ ತಳದ ಒಂದು ಗುಳಿ ಇತ್ತು, ಅಂಚಿನಲ್ಲಿ ಕಪ್ಪು ರಕ್ತ.

"ಹುಣ್ಣು" ಎಂದು ಡಾಕ್ಟರು ಮೆಲ್ಲಗೆ ಹೇಳಿದರು. "ನೋಡಕ್ಕೆ ಕೆಟ್ಟದ್ದರ ಥರ ಇಲ್ಲ. ಆದ್ರೂ ಒಂದು ಚೂರು ತೆಗೆದು ಮೈಸೂರಿಗೆ ಕಳಿಸೋಣ. ನೇರ ಮಾತ್ರ ನೋಡಿದ್ದಿದ್ರೆ ಇದು ಕಾಣ್ತಾನೇ ಇರಲಿಲ್ಲ."

ಆ ಚೂರಿನ ವರದಿ ಆಮೇಲೆ ಬಂತು, ಬರೀ ಹುಣ್ಣು, ಬೇರೇನೂ ಅಲ್ಲ ಎಂದು. ಔಷಧಿ ಕೊಟ್ಟರು, ಮತ್ತೊಂದು ಸಲ ಇಳಿಸಿ ನೋಡಿ ವಾಸಿಯಾಗಿದೆ ಎಂದರು. ಎರಡನೆಯ ಸಲ ನುಂಗಲಾರ ಎಂದುಕೊಂಡ ನನ್ನ ಲೆಕ್ಕ ತಪ್ಪಿತ್ತು. ಆ ಸ್ಕೋಪು ಪಾಂಡವಪುರದಲ್ಲಿ ವರ್ಷಗಟ್ಟಲೆ ದುಡಿಯಿತು. ಶ್ರೀರಂಗಪಟ್ಟಣದಿಂದ ಒಬ್ಬರು, ಕೆ.ಆರ್. ಪೇಟೆಯಿಂದ ಒಬ್ಬರು ತಮ್ಮ ಕೆಟ್ಟ ಕೊಳವೆಗಳನ್ನು ಹಿಡಿದು ನನ್ನ ರೂಮಿಗೆ ಬಂದರು. ಅವಕ್ಕೂ ಒಂದೇ ತಂತಿ ಹಾಕಿಕೊಟ್ಟೆ. ಇದೆಲ್ಲ ಆದದ್ದು ಆಮೇಲೆ.

ಆ ದಿನ, ಕೊಳವೆ ಹೊರಗೆ ತೆಗೆದ ಮೇಲೆ, ಅಪ್ಪ ಎದ್ದು ಕೂತ. ಕಣ್ಣಲ್ಲಿ ನೀರು, ಗಲ್ಲದ ಮೇಲೆ ಜೊಲ್ಲು, ನಾಲಿಗೆಗೆ ಇನ್ನೂ ಜೋಮು. ಏನು ಕಂಡಿತೆಂದು ಹೇಳಲು ಡಾಕ್ಟರು ಬಾಯಿ ತೆರೆದರು. ಅಪ್ಪ ಅವರನ್ನು ಕೈಸನ್ನೆಯಲ್ಲೇ ತಡೆದು, ನನ್ನ ಕಡೆ ನೋಡಿ, ತೊದಲುತ್ತಾ ಕೇಳಿದ:

"ತಿರುಗ್ತಾ?"

"ತಿರುಗ್ತು ಕಣಪ್ಪಾ. ಪೂರ್ತಿ ತಿರುಗ್ತು."

ಅಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡ. ಆಮೇಲೆ ಡಾಕ್ಟರ ಕಡೆ ತಿರುಗಿ, "ಈಗ ಯೋಳಿ ಡಾಕ್ಟ್ರೇ, ನಂಗೇನಾಗದೆ?" ಎಂದ.